ಗೂಡಿಗೆ ಸಾರಣೆ

“ಎರಡು ದಿನ ಎಲ್ಲಿ ಹೋದುವು?”

ಬೀರವ್ವ ಕೇಳಿದ್ದು ಯಾರನ್ನೂ ಅಲ್ಲ. ಬಾತುಕೋಳಿಗಳ ಗೂಡಿನಲ್ಲಿ ಮೊಣಕಾಲೂರಿ, ನೆಲದ ಹಾಸನ್ನು ಎರಡೂ ಕೈಯಿಂದ ತಿರುವಿ ಹಾಕುತ್ತ ಕೇಳಿದಳು. ಇಪ್ಪತ್ತು ಬಾತುಗಳೂ ಹೊರಗೆ ಹಿತ್ತಲಲ್ಲಿದ್ದವು. ಒಳಗೆ ಇದ್ದದ್ದು ಅವಳು, ಹಾಸು, ಗೋಡೆಗೆ ಆನಿಸಿಟ್ಟ ಕಸಬರಿಗೆ, ಇಷ್ಟೇ.

ಅಂದು ಮಧ್ಯಾಹ್ನವಷ್ಟೇ ಅವಳು ಸೊರಟೂರಿನಿಂದ ಶಿರಹಟ್ಟಿಯ ಗಂಡನ ಮನೆಗೆ ತಿರುಗಿ ಬಂದಿದ್ದಳು. ತವರಿನಲ್ಲಿ ತಾಯಿ ತೀರಿಕೊಂಡು ಒಂಬತ್ತು ದಿನವಾಗಿತ್ತು. ತಾಯಿಗೆ ಜಡ್ಡು ಬಹಳಾಗಿದೆ ಎಂದು ಅತ್ತೆ ಮುತ್ತವ್ವ ಹೇಳಿದ್ದು ಶನಿವಾರ ಬೆಳಿಗ್ಗೆ. ಬೀರವ್ವ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ಇಳಿದು, ಉಳಿದ ದಾರಿ ನಡೆದು ಮುಟ್ಟಿದಾಗ ಮಣ್ಣು ಕೊಟ್ಟು ಬಂದ ಜನ ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದರು. ಅಣ್ಣ ಕೊಟ್ರಪ್ಪ ಅವಳ ಮುಖ ನೋಡಲಿಲ್ಲ.

“ನಿನ್ನಿ ಇಡೀ ದಿನ ಬಾಗಲಾ ನೋಡಿದ್ಲು,” ಅಂದ. “ಬೀರಿ ಬಂದ್ಲೇನು, ಬೀರಿ ಬಂದ್ಲೇನು. ದೀಪ ಹಚ್ಚೂ ಹೊತ್ತಿಗೆ ಹೋದ್ಲು.”

“ನನಗ ಖಬರ ಬಂದದ್ದ ಇವತ್ತು ಮುಂಜಾನೆ, ಅಣ್ಣಾ.”

“ಗುರುವಾರನ ಇಸ್ಮಾಯಿಲಸಾಬನ ಕೈಯಾಗ ಹೇಳಿ ಕಳಿಸೀನಿ. ನಿಮ್ಮ ಕಟ್ಟಿ ಮ್ಯಾಲ ಕುಂತು, ನಿಮ್ಮತ್ತಿಗೆ ಹೇಳಿ, ನೀರು ಕುಡದು ಬಂದಾನ. ಇವತ್ತು ಮುಂಜಾನೆ ಅಂತ.”

ಗುರುವಾರಕ್ಕೂ ಶನಿವಾರಕ್ಕೂ ನಡುವೆ ಶುಕ್ರವಾರವಿತ್ತು. ಶುಕ್ರವಾರ ಸರಕಾರದ ಸಾಹೇಬರು ಬಾತು ನೋಡಲು ಬರುವವರಿದ್ದರು.

ಬಾತುಗಳು ಬಂದದ್ದು ಮೈದುನ ಪುಂಡಲೀಕಪ್ಪನ ಹೆಸರಿನಲ್ಲಿ. ಎಂಬತ್ತೊಂದನೆಯ ಇಸವಿಯ ಯುಗಾದಿಯ ಹೊತ್ತಿಗೆ, ಮನೆಯ ಹಿಂದೆ ಕೆರೆ ಇದ್ದವರಿಗೆಂದು ಕೊಟ್ಟವು. ಮೆಟ್ರಿಕ್ಕಿನಲ್ಲಿ ಎರಡು ಸಲ ನಪಾಸಾಗಿ, ಇಪ್ಪತ್ನಾಲ್ಕು ವರ್ಷಕ್ಕೆ ಅಣ್ಣ ಗೋಣೆಪ್ಪನ ಹಿಂದೆ ಹೊಲಕ್ಕೆ ಹೋಗಿ ಬರುತ್ತಿದ್ದವನಿಗೆ ಸಾಹೇಬರು ಒಂದು ಮಾತು ಕೊಟ್ಟಿದ್ದರು. ಶ್ರಾವಣ ಮುಗಿಯುವತನಕ ಬಾತು ಚೆಂದ ಇಟ್ಟರೆ, ತಾಲೂಕಿನಲ್ಲಿ ಶುರುವಾಗುವ ಹೊಸ ಫಾರ್ಮಿನಲ್ಲಿ ಅವನಿಗೆ ಕೆಲಸ. ಕೆಲಸವಾದರೆ ಮುಂಡರಗಿಯ ಹೆಣ್ಣಿನವರು ಕೊಡಲು ತಯಾರಿದ್ದರು. ಮುತ್ತವ್ವ ಆ ಹುಡುಗಿಗೆಂದು ಒಂದು ಇಳಕಲ್ ಸೀರೆಯನ್ನು ಆಗಲೇ ಪೆಟ್ಟಿಗೆಯಲ್ಲಿಟ್ಟಿದ್ದಳು.

ಹೆಸರು ಪುಂಡಲೀಕಪ್ಪನದು, ಕೈ ಬೀರವ್ವನದು. ಅವಳ ತಾಯಿ ಸೊರಟೂರಿನಲ್ಲಿ ಬಾತು ಸಾಕಿದವಳು. ಬಾತಿಗೆ ಹಗಲೆಲ್ಲ ನೀರು ಬೇಕು, ಮಲಗುವಲ್ಲಿ ಮಾತ್ರ ಒಂದು ಹನಿ ಇರಬಾರದು. ಇದು ಮನೆಯಲ್ಲಿ ಬೀರವ್ವನೊಬ್ಬಳಿಗೇ ಗೊತ್ತಿತ್ತು. ನೀರಿನ ಬೋಗುಣಿಯನ್ನು ಅವಳು ಗೂಡಿನಿಂದ ದೂರ, ಹರಳು ತುಂಬಿದ ಕುಣಿಯ ಮೇಲೆ ಇಟ್ಟಿದ್ದಳು. ಬಾಗಿಲ ಮುಂದೆ ಎರಡು ಮಾರು ಮರಳು ಹಾಸಿದ್ದಳು. ಅದರ ಮೇಲೆ ನಡೆದು ಬರುವಷ್ಟರಲ್ಲಿ ಬಾತಿನ ಕಾಲು ಒಣಗುತ್ತಿದ್ದವು. ಒಳಗೆ ನಾಲ್ಕು ಬೆರಳು ಶೇಂಗಾ ಹೊಟ್ಟು, ಅದರ ಮೇಲೆ ಒಣ ಹುಲ್ಲು. ಬೆಳಿಗ್ಗೆ ತತ್ತಿ ಆರಿಸಿದ ಮೇಲೆ ಹಾಸು ತಿರುವಿ, ಹಸಿಯಾದ ಗಡ್ಡೆಗಳನ್ನು ಆರಿಸಿ ತೆಗೆದು, ಉಳಿದದ್ದನ್ನು ಗೋಣಿತಟ್ಟಿನ ಮೇಲೆ ಬಿಸಿಲಿಗೆ ಹರವಿ, ಸಂಜೆಗೆ ತಿರುಗಿ ತುಂಬುತ್ತಿದ್ದಳು. ಒಂದು ಹಿಡಿ ಎತ್ತಿ ಹಿಂಡಿದರೆ ಅಂಗೈ ಒಣಗಿರಬೇಕು.

ಮುತ್ತವ್ವನಿಗೆ ಇದು ಸರಿಬಂದಿರಲಿಲ್ಲ. ಅವಳ ಕಣ್ಣಿಗೆ ಸಗಣಿ ಹಾಕಿ ಸಾರಿಸದ ನೆಲ ಹೊಲಸು ನೆಲ.

“ಮನಿ ಗ್ವಾಡಿಗೆ ಹತ್ತಿದ್ದು ಅಂದ್ರ ಗೂಡೂ ಮನಿನ,” ಅನ್ನುತ್ತಿದ್ದಳು. “ಸಾರಸದ ನೆಲದಾಗ ಲಕ್ಷ್ಮಿ ಕಾಲಿಡೂದಿಲ್ಲ.”

“ಬಾತು ಇಡ್ತಾವಲ್ರಿ ಅತ್ತಿ, ಸದ್ಯಕ್ಕ ಅಷ್ಟ ಸಾಕು,” ಅಂದಿದ್ದಳು ಬೀರವ್ವ ಆಗ. ಮಾವ ಯಮನೂರಪ್ಪ ಮೀಸೆಯೊಳಗೇ ನಕ್ಕಿದ್ದ. ಅವನು ನಕ್ಕದ್ದರಿಂದ ಮುತ್ತವ್ವ ಸುಮ್ಮನಾಗಿದ್ದಳು.

ಈಗ ಮುತ್ತವ್ವ ಗೂಡಿನ ಬಾಗಿಲಿಗೆ ಬಂದು ನಿಂತಳು.

“ಬಂದಕೀನ ಇಲ್ಲೇ ಹೊಕ್ಕೀದಿ? ಇರಲಿ. ನಾಳಿ ಶ್ರಾವಣದ ಮೊದಲ ಸೋಮವಾರ. ಮನಿ ತುಂಬ ಸಾರಸಬೇಕು. ಗೂಡಿನ ಸಲುವಾಗಿ ಮತ್ತ ತಕರಾರ ತಗೀಬ್ಯಾಡ.”

ಬೀರವ್ವ ಹಾಸು ತಿರುವುವುದನ್ನು ನಿಲ್ಲಿಸಿದಳು.

“ಸಾರಸ್ತೀನ್ರಿ,” ಅಂದಳು.

“ಏನಂದಿ?”

“ನೀವು ಹೇಳಿದಂಗ ಸಾರಸ್ತೀನಿ. ಸೋಮವಾರ ಒಂದನ ಯಾಕ, ಶುಕ್ರವಾರನೂ ಸಾರಸ್ಲೇನು?”

“ಶುಕ್ರವಾರ ಲಕ್ಷ್ಮಿ ವಾರ. ಸಾರಸು.”

“ಶನಿವಾರ?”

“ಶ್ರಾವಣ ಶನಿವಾರ ಯಾರರ ಬಿಡತಾರೇನು?”

“ಆತ್ರಿ.”

ಮುತ್ತವ್ವ ಗೋಡೆಯಾಚೆಯ ಖೈರುನಬಿಯನ್ನು ಕರೆದು ಆಗಲೇ ಹೇಳಿದಳು. “ನಮ್ಮ ಸೊಸಿಗೆ ಬುದ್ಧಿ ಬಂದೈತಿ ನೋಡು. ಒಂದ ಮಾತಿಗೆ ಹ್ಞೂಂ ಅಂದ್ಲು.”

“ತಾಯೀನ ಮಣ್ಣಿಗಿಟ್ಟು ಬಂದಾಳ,” ಅಂದಳು ಖೈರುನಬಿ. “ಬುದ್ಧಿ ಬಂದೈತೋ ಮತ್ತೇನು ಬಂದೈತೋ, ನೋಡ್ಕೊ ಮುತ್ತವ್ವಾ.”

ಸೋಮವಾರ ಬೆಳಿಗ್ಗೆ ಬೀರವ್ವ ಒಣ ಹಾಸನ್ನೆಲ್ಲ ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಹೊತ್ತು ಹಾಕಿದಳು. ಎರಡು ಕೊಡ ನೀರಿಗೆ ಸಗಣಿ ಕಲೆಸಿ ಗೂಡಿನ ನೆಲಕ್ಕೆ ಸುರಿದು ಸಾರಿಸಿದಳು. ಮೂಲೆಗಳನ್ನೂ ಬಿಡಲಿಲ್ಲ. ಬಾಗಿಲ ಮುಂದಿನ ಮರಳನ್ನು ಬಳಿದು ತೆಗೆದು ಅಲ್ಲಿ ರಂಗೋಲಿ ಎಳೆದಳು. ಜಿಟಿಜಿಟಿ ಮಳೆ ಹಿಡಿದಿತ್ತು. ಸಂಜೆಯಾದರೂ ನೆಲ ಆರಲಿಲ್ಲ. ಅದರ ಮೇಲೆಯೇ ಹೊಸ ಹುಲ್ಲು ಹಾಸಿದಳು.

ಹೊಲದಿಂದ ಬಂದ ಪುಂಡಲೀಕಪ್ಪ ಬಗ್ಗಿ ನೋಡಿದ.

“ವೈನಿ, ನೆಲ ಹಸಿ ಐತಲ್ಲ?”

“ಸಾರಿಸಿದ ನೆಲ ಹಸಿ ಇರ್ತೈತಿ.”

“ಹಸಿ ಇರಬಾರ್ದು ಅಂತ ಸಾಹೇಬ್ರಿಗೆ ನೀನ ಹೇಳಿದ್ದೆಲ್ಲ. ಅವರು ಹೌದು ಹೌದು ಅಂತ ಬರಕೊಂಡ್ರು.”

“ಅವತ್ತು ಹೇಳಿದ್ದು ನಾ ಮರತೀನಿ. ನೀನೂ ಮರತುಬಿಡು. ಹೆಚ್ಚು ಕಡಿಮಿ ಆದ್ರ ನಿಮ್ಮವ್ವನ್ನ ಕೇಳು.”

ಅವನು ಕೇಳಿದ. “ಹೊಲಸಿನಾಗ ಇಟ್ರ ಸರಕಾರದವರು ಮೆಚ್ಚತಾರೇನೋ?” ಎಂದು ಮುತ್ತವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮೊದಲ ವಾರ ಏನೂ ಆಗಲಿಲ್ಲ. ಗೂಡು ಮುತ್ತವ್ವನ ಕಣ್ಣಿಗೆ ಅಡಿಗೆ ಮನೆಯ ಹಾಗೆ ಕಂಡಿತು. ಮಠದ ಪುರಾಣಕ್ಕೆ ಬಂದ ಹೆಂಗಸರಿಗೆಲ್ಲ ಹೇಳಿದಳು. ಎರಡನೆಯ ವಾರ ಹುಲ್ಲು ಭಾರವಾಯಿತು. ಬುಡದಲ್ಲಿ ಬಿಳಿ ಬೂಸಲು ಹಿಡಿಯಿತು. ಬಾಗಿಲು ತೆರೆದರೆ ಕಣ್ಣು ಉರಿಯುವ ನಾತ. ತತ್ತಿಗಳು ಕೆಸರು ಮೆತ್ತಿಕೊಂಡು ಬಂದವು. ಮೊದಲಾದರೆ ಬೀರವ್ವ ಅವನ್ನು ಬೂದಿ ಹಚ್ಚಿದ ಒಣ ಬಟ್ಟೆಯಿಂದ ಒರೆಸುತ್ತಿದ್ದಳು.

“ತೊಳಿ ಅವನ್ನ,” ಅಂದಳು ಮುತ್ತವ್ವ.

ನೀರು ತಾಗಿದ ತತ್ತಿ ಬೇಗ ಕೊಳೆಯುತ್ತದೆಂದು ಗೊತ್ತಿದ್ದೂ ಬೀರವ್ವ ತೊಳೆದಳು. ನಾಲ್ಕನೆಯ ದಿನ ಖೈರುನಬಿ ತಾನು ಒಯ್ದಿದ್ದ ಆರು ತತ್ತಿಗಳನ್ನು ಗೋಡೆಯ ಮೇಲೆ ಸಾಲಾಗಿ ಇಟ್ಟು ಹೋದಳು. “ಒಡದ್ರ ನಮ್ಮನಿಯಾಗ ನಿಲ್ಲಾಕ ಆಗ್ಲಿಲ್ಲ,” ಅಂದಳು. “ಬ್ಯಾರೆ ಏನೂ ಹೇಳೂದಿಲ್ಲ ನಾ.”

ಆಮೇಲೆ ಬಾತುಗಳು ಕುಂಟತೊಡಗಿದವು. ಅಂಗಾಲಲ್ಲಿ ಹುಣ್ಣು. ಕೆಲವು ಕೆರೆಗೂ ಇಳಿಯದೆ ಕೊಕ್ಕು ತೆರೆದುಕೊಂಡು ಗೋಡೆಯ ಪಕ್ಕ ಕೂತವು; ಉಸಿರೆಳೆದರೆ ಒಳಗೆ ಗೊರಗೊರ ಸದ್ದು. ಗುರುವಾರ ಒಂದು ಸತ್ತಿತು. ಶನಿವಾರ ಎರಡು. ಬೀರವ್ವ ನಿಂಬೆಗಿಡದ ಬುಡದಲ್ಲಿ ಕುಣಿ ತೋಡಿ, ಒಂದೊಂದರ ರೆಕ್ಕೆಯನ್ನೂ ಮಡಿಸಿ ಇಟ್ಟು, ಮಣ್ಣು ಎಳೆದಳು. ಅಂದೂ ಶ್ರಾವಣ ಶನಿವಾರವಾಗಿತ್ತು. ಕೈ ತೊಳೆದುಕೊಂಡು ಬಂದು ಗೂಡು ಸಾರಿಸಿದಳು.

ಪುರಾಣ ಮುಗಿಸಿ ಬಂದ ಯಮನೂರಪ್ಪ ಕಂಬಳಿ ಕೊಡವಿ ಕಟ್ಟೆಯ ಮೇಲೆ ಕೂತು ಅವಳನ್ನು ಕರೆದ. ದಿನಕ್ಕೆ ನಾಲ್ಕು ಮಾತು ಆಡುವ ಮನುಷ್ಯ.

“ಬೀರವ್ವಾ. ನಿನಗ ಗೊತ್ತಿಲ್ದ ಮಾಡಾಕತ್ತಿಲ್ಲ ನೀ ಇದನ್ನ.”

“ಅತ್ತಿಯವರು ಹೇಳಿದ್ದು ಮಾಡಾಕತ್ತೀನ್ರಿ.”

“ಅದನ್ನ ಅನ್ನಾಕತ್ತೀನಿ ನಾನೂ. ನಿನ್ನ ಸಿಟ್ಟು ಯಾವುದರ ಮ್ಯಾಲ ಅಂತ ನಾ ಕೇಳೂದಿಲ್ಲ. ಬಾತಿಂದೇನು ತಪ್ಪೈತಿ?”

“ನಮ್ಮವ್ವಂದೇನು ತಪ್ಪಿತ್ರಿ, ಮಾವ?”

ಯಮನೂರಪ್ಪ ಕೊಡವಿದ ಕಂಬಳಿಯನ್ನು ಮಡಿಸತೊಡಗಿದ. ಎಷ್ಟೋ ಶ್ರಾವಣ ಕಂಬಕ್ಕೊರಗಿ ಪುರಾಣ ಕೇಳಿದವನು. ನೂರಾರು ಪದ್ಯ ಅವನ ಕಿವಿಯಲ್ಲಿದ್ದವು. “ಖಬರ ಬಂದದ್ದು ನನಗ ಗೊತ್ತಿರಲಿಲ್ಲವಾ,” ಎಂದಷ್ಟೇ ಅಂದ. ಬೀರವ್ವ ಅದನ್ನು ನಂಬಿದಳು.

ಮುಂದಿನ ವಾರ ಮತ್ತೆ ನಾಲ್ಕು ಸತ್ತವು. ಮೂರನೆಯ ರವಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಸಜ್ಜೆ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ. ಪುಂಡಲೀಕಪ್ಪ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಬಿಟ್ಟ.

“ಏಳು ಸತ್ವು. ಇವತ್ತು ಮುಂಜಾನೆ ಮತ್ತೆರಡು. ಉಳದದ್ದು ಹನ್ನೊಂದು. ಸಾಹೇಬ್ರು ಬಂದ್ರ ಏನು ತೋರಸ್ಲಿ, ನಿಂಬಿಗಿಡ ತೋರಸ್ಲೇನು?”

“ಯಾರದರ ಕೆಟ್ಟ ಕಣ್ಣು ಬಿದ್ದೈತಿ,” ಅಂದಳು ಮುತ್ತವ್ವ.

“ಕಣ್ಣಲ್ಲ, ನಿನ್ನ ಸಗಣಿ ಬಿದ್ದೈತಿ. ನಾಲ್ಕು ತಿಂಗಳು ಒಂದೂ ಸತ್ತಿರಲಿಲ್ಲ.”

“ಲೇ, ನಾ ಏನು ನನ್ನ ಕೈಯಿಂದ ಸಾರಿಸೀನೇನು? ಆಕಿ ಬಾತಿನ ಕೆಲಸ ಬಲ್ಲಾಕಿ. ಬ್ಯಾಡ ಅಂತ ಬಾಯಿ ಬಿಟ್ಟು ಹೇಳಬೇಕಿತ್ತಿಲ್ಲೋ?”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಬೀರವ್ವ ಕೈ ನಿಲ್ಲಿಸಲಿಲ್ಲ. “ಹೇಳಬೇಕಾದ ಮಾತು ಹೇಳದ ಇರೂದನ್ನ ನಾ ಈ ಮನಿಯಾಗನ ಕಲತೀನ್ರಿ ಅತ್ತಿ.”

“ಏನಂತ ಅದರ ಅರ್ಥ?”

“ಗುರುವಾರ ಇಸ್ಮಾಯಿಲಸಾಬ ಬಂದಿದ್ದನೋ ಇಲ್ಲೋ?”

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು; ಬೀರವ್ವ ಅದನ್ನು ತೆಗೆದು ಬದಿಗಿಟ್ಟಳು.

“ಬಂದಿದ್ದ,” ಅಂದಳು ಮುತ್ತವ್ವ. “ನಿಮ್ಮವ್ವ ಹಂಗ ಹಿಂದ ಎರಡು ಸಲ ಹೊಂಟೇನಿ ಹೊಂಟೇನಿ ಅಂದಿದ್ಲು, ಎದ್ದು ಕುಂತಿದ್ಲು. ಈ ಸಲಾನೂ ಹಂಗ ಅಂತ ತಿಳಕೊಂಡೆ. ಶುಕ್ರವಾರ ಸಾಹೇಬ್ರು ಬರೋರು. ನೀ ಇಲ್ದ ಆ ಬಾತಿನ ಬಗ್ಗೆ ಮಾತಾಡೋರು ಯಾರಿದ್ರು? ಈ ದಡ್ಡ ಮಾತಾಡ್ತಿದ್ದನೇನು? ಒಂದು ದಿನ ತಡದ್ರ ಏನಾಗ್ತೈತಿ ಅಂದ್ಕೊಂಡೆ.”

ಪುಂಡಲೀಕಪ್ಪ ತಾಯಿಯನ್ನೇ ನೋಡುತ್ತಿದ್ದ. ಬೀರವ್ವ ಗಂಡನ ಕಡೆ ತಿರುಗಿದಳು. ಗೋಣೆಪ್ಪ ತಲೆ ಬಗ್ಗಿಸಿ ಪಲ್ಯದಲ್ಲಿದ್ದ ಒಂದು ಹೆಸರುಕಾಳನ್ನು ತಾಟಿನ ಅಂಚಿಗೆ ತಳ್ಳುತ್ತಿದ್ದ.

“ನಿಮಗ?” ಅಂದಳು.

“ಶುಕ್ರವಾರ ಸಂಜಿಗೆ ಅವ್ವ ಹೇಳಿದ್ಲು.”

“ಸಂಜಿಗೆ ಹೇಳಿದ್ಲು. ಆಮ್ಯಾಲೆ ನೀವು ಉಂಡ್ರಿ. ನಾ ಬಡಿಸಿದ್ದು ನೆನಪೈತಿ. ಎರಡನೇ ಸಲ ಸಾರು ಹಾಕಿಸ್ಕೊಂಡ್ರಿ.”

“ಅಷ್ಟೊತ್ತಿಗೆ ಬಸ್ಸು ಇರಲಿಲ್ಲ, ಬೀರವ್ವಾ. ಮುಂಜಾನೆ ಹೇಳೂಣು ಅಂತ…”

“ಬಂಡಿ ಇತ್ತು. ಎತ್ತು ಇದ್ವು.”

ಅಂದಿನಿಂದ ಅವಳು ಗಂಡನ ತಾಟಿಗೆ ತನ್ನ ಕೈಯಿಂದ ಏನೂ ಹಾಕಲಿಲ್ಲ. ರೊಟ್ಟಿಯ ಬುಟ್ಟಿ, ಪಲ್ಯದ ಬೋಗುಣಿ ಅವನ ಮುಂದಿಟ್ಟು ಎದ್ದು ಹೋಗುತ್ತಿದ್ದಳು. ಗೂಡಿಗೂ ಹೋಗಲಿಲ್ಲ, ಸಾರಿಸಲೂ ಇಲ್ಲ, ತಿರುವಲೂ ಇಲ್ಲ. “ನಾ ಸಾರಿಸಿದ್ದಕ್ಕ ಸತ್ತಾವ ಅಂದ್ರಲ್ಲ, ಇನ್ನ ನೀವ ನೋಡ್ಕೋರಿ,” ಅಂದಳು.

ಅವರು ನೋಡಿಕೊಂಡರು. ಪುಂಡಲೀಕಪ್ಪ ಒಂದು ಚೀಲ ಹೊಟ್ಟು ತಂದು ಕೊಳೆತ ಹುಲ್ಲಿನ ಮೇಲೆಯೇ ಸುರಿದ. ಎರಡು ದಿನದಲ್ಲಿ ಹೊಟ್ಟೂ ಮುದ್ದೆಯಾಯಿತು. ಮುತ್ತವ್ವ ಬೂದಿ ಒಳ್ಳೆಯದೆಂದು ಒಲೆಯಿಂದ ಬಳಿದು ತಂದು ಹರವಿದಳು. ಬೂದಿಯೊಳಗೆ ಕೆಂಡ ಉಳಿದಿತ್ತು. ಹಸಿ ಹುಲ್ಲು ಉರಿಯಲಿಲ್ಲ, ಬರೀ ಹೊಗೆಯಾಡಿತು. ಬಾತುಗಳು ಒಂದರ ಮೇಲೊಂದು ಬಿದ್ದು ಹೊರಗೆ ಬಂದವು. ಎರಡರ ಕಾಲು ಸುಟ್ಟಿದ್ದವು. ಸಂಜೆಗೆ ಅವು ಒಳಗೆ ಹೋಗಲೊಲ್ಲದೆ ನಿಂಬೆಗಿಡದ ಕೆಳಗೆ ಮಳೆಯಲ್ಲೇ ಕೂತವು. ಮುತ್ತವ್ವ ಸೆರಗು ಹೊದ್ದು, “ಬರ್ರೆ, ಬರ್ರೆ ತಂಗೀ,” ಎಂದು ಅವುಗಳ ಹಿಂದೆ ಹಿತ್ತಲೆಲ್ಲ ತಿರುಗಿದಳು. ಬೀರವ್ವ ಅಡಿಗೆ ಮನೆಯ ಕಿಟಕಿಯಿಂದ ನೋಡಿ, ಅಕ್ಕಿ ತೊಳೆಯುವುದನ್ನು ಮುಂದುವರಿಸಿದಳು.

ಮುಂಡರಗಿಯಿಂದ ಹೆಣ್ಣಿನವರು ಕಾಗದ ಬರೆದರು: ಕೆಲಸದ ಸಂಗತಿ ಎಲ್ಲಿಗೆ ಬಂತು. ಸಾಹೇಬರು ಬರುವ ದಿನವೂ ಗೊತ್ತಾಯಿತು. ಶ್ರಾವಣ ಮುಗಿದ ಮೇಲಿನ ಬುಧವಾರ. ಆರು ದಿನ ಉಳಿದಿತ್ತು. ಪುಂಡಲೀಕಪ್ಪ ಕೊಡ ಇಳಿಸುವ ನೆವದಲ್ಲಿ ಬಾವಿಯ ಹತ್ತಿರ ಬಂದು ನಿಂತ.

“ವೈನಿ, ಉಳದ ಹನ್ನೊಂದು ಈಗರ ಒಣಗಿದ್ರಾಗ ಮಲಗಿದ್ರ ಬದುಕತಾವ. ನಿನಗ ಬರ್ತೈತಿ ಅಂತ ಗೊತ್ತೈತಿ. ಆದ್ರ ನಾ ಕೇಳೂದಿಲ್ಲ. ಅವತ್ತು ಸಾಹೇಬ್ರ ಮುಂದ ನೀ ನನ್ನ ಪರ ನಿಂತು ಮಾತಾಡೂ ಹೊತ್ತಿಗೆ ಅಲ್ಲಿ ನಿಮ್ಮವ್ವ… ನನಗ ಕೇಳಾಕ ಮುಖ ಇಲ್ಲ.”

ಅವನು ತುಂಬಿದ ಕೊಡ ಎರಡೂ ಹೊತ್ತುಕೊಂಡು ಹೋದ.

ಮರುದಿನ ಮೋಡ ಬಿರಿದು ಬಿಸಿಲು ಬಿತ್ತು. ಬೀರವ್ವ ಯಾರಿಗೂ ಹೇಳದೆ ಖೈರುನಬಿಯ ಮನೆಗೆ ಹೋಗಿ ಎರಡು ಚೀಲ ಶೇಂಗಾ ಹೊಟ್ಟು ತಂದಳು. ಮಾಳಿಗೆಯ ಮೇಲೆ ಗೋಣಿತಟ್ಟು ಬಿಚ್ಚಿ ಹೊಟ್ಟನ್ನು ತೆಳ್ಳಗೆ ಹರವಿದಳು. ಒಂದು ತಾಸಿಗೊಮ್ಮೆ ಹೋಗಿ ಕಾಲಿನಿಂದ ತಿರುವಿದಳು. ಮಧ್ಯಾಹ್ನದ ಹೊತ್ತಿಗೆ ಒಂದು ಹಿಡಿ ಎತ್ತಿ ಹಿಂಡಿ, ಅಂಗೈ ನೋಡಿಕೊಂಡು, ಚೀಲಕ್ಕೆ ತುಂಬತೊಡಗಿದಳು.

ಏಣಿ ಏರಿ ಮುತ್ತವ್ವ ಬಂದಳು. ಎರಡು ವರ್ಷದಿಂದ ಮಾಳಿಗೆ ಹತ್ತದ ಹೆಂಗಸು. ಮೇಲೆ ಬಂದು ದಮ್ಮು ಬಿಟ್ಟು, ಹೊಟ್ಟಿನ ರಾಶಿ ನೋಡಿದಳು. ಅವಳ ಮುಖ ಸಡಿಲವಾಯಿತು.

“ಒಣಗಸಾಕತ್ತೀದಿ?”

“ಹ್ಞೂಂ.”

“ನೀ ಹೊಟ್ಟಿಯಾಗ ಇಟ್ಕೊಳ್ಳೂ ಪೈಕಿ ಅಲ್ಲ ಅಂತ ನನಗ ಗೊತ್ತಿತ್ತು.” ಮುತ್ತವ್ವ ಗೋಣಿತಟ್ಟಿನ ಅಂಚಿಗೆ ಕೂತಳು. “ಬೀರವ್ವಾ, ನಾ ತಪ್ಪ ಮಾಡೀನಿ. ಮಗನ ಬಾಳೇವು ಕಣ್ಣಿಗೆ ಬಿತ್ತು, ನಿಮ್ಮವ್ವ ಬೀಳಲಿಲ್ಲ. ಬಾ, ಗೂಡು ನೋಡು. ನೀ ಹೆಂಗ ಹೇಳ್ತಿ ಹಂಗ. ಸಗಣಿ ಬ್ಯಾಡಂದ್ರ ಬ್ಯಾಡ.”

ಬೀರವ್ವ ಚೀಲದ ಬಾಯಿ ಹಿಡಿದು ನಿಂತಿದ್ದಳು. “ಒಂದು ಕೇಳ್ತೀನಿ, ಖರೆ ಹೇಳ್ರಿ. ಇಸ್ಮಾಯಿಲಸಾಬ ಅವತ್ತು ಏನೇನು ಅಂದ? ಬಿಡದ ಹೇಳ್ರಿ.”

“ಯಾಕವಾ ಈಗ ಅದು?”

“ಹೇಳ್ರಿ.”

ಮುತ್ತವ್ವ ಸೆರಗಿನಿಂದ ಕೊರಳು ಒರೆಸಿಕೊಂಡಳು. ತಪ್ಪು ಒಪ್ಪಿಕೊಂಡ ಮೇಲೆ ಮುಚ್ಚಿಡುವುದು ಪಾಪವೆಂದು ಅವಳಿಗೆ ಅನಿಸಿರಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ನಿಮ್ಮವ್ವಗ ಜಡ್ಡು ಬಾಳ ಐತಿ ಅಂದ. ಬುಧವಾರದಿಂದ ಗಂಜಿ ಮುಟ್ಟಿಲ್ಲ ಅಂದ. ಯಾರು ಕುಡಿಸಾಕ ಹೋದ್ರೂ ಬಾಯಿ ಬಿಗಿ ಹಿಡಿತಾಳಂತ. ಬೀರಿ ಬಂದು ಆಕಿ ಕೈಯಿಂದ ಹಾಕಿದ್ರ ಕುಡಿತೀನಿ ಅಂತಾಳಂತ. ಅದಕ್ಕ ಜಲ್ದಿ ಕಳಿಸ್ರಿ ಅಂದ. ಅಷ್ಟ ಅಂದದ್ದು. ದೇವರಾಣಿ, ಇನ್ನೊಂದು ಮಾತು ಇಲ್ಲ.”

ಕೆಳಗೆ ಹಿತ್ತಲಲ್ಲಿ ಒಂದು ಬಾತು ಕೂಗಿತು. ಬೀರವ್ವ ಚೀಲವನ್ನು ಕೈಬಿಟ್ಟಳು. ಅದು ವಾಲಿ, ತುಂಬಿದ ಹೊಟ್ಟು ಮಾಳಿಗೆಯ ಮೇಲೆ ಚೆಲ್ಲಿತು. ಅವಳು ಸೀರೆಗೆ ಹತ್ತಿದ್ದನ್ನು ಕೊಡವಿಕೊಂಡಳು, ನಿಧಾನವಾಗಿ, ನೆರಿಗೆ ನೆರಿಗೆ ಬಿಡಿಸಿ.

“ಹೇಳಿದ್ನಲ್ಲವಾ,” ಅಂದಳು ಮುತ್ತವ್ವ. “ಬಾ ಈಗ. ಬಿಸಿಲು ಇದ್ದಾಗ ಗೂಡಿಗೆ ಹಾಸೂಣು. ನಾನೂ ಕೈಗೂಡಸ್ತೀನಿ.”

“ಹಾಸೂದಿಲ್ರಿ.”

“ಏನು?”

“ನಾ ಹಾಸೂದಿಲ್ಲ.”

“ಪುಂಡಲೀಕನ ಸಲುವಾಗಿ, ಬೀರವ್ವಾ. ಅವ ನಿನಗೇನು ಮಾಡ್ಯಾನ?”

“ಏನೂ ಮಾಡಿಲ್ಲ.”

“ಹೋಗಲಿ, ಹೆಂಗ ಹಾಸಬೇಕು ಅಂತ ಬಾಯಿಲೆರ ಹೇಳು. ನಾ ಮಾಡ್ತೀನಿ. ನೀ ನೆಳ್ಳಾಗ ಕುಂತು ಹೇಳು, ಸಾಕು. ನಿನ್ನ ಕಾಲಿಗೆ ಬೀಳ್ಲೇನು?”

“ಬೀಳಬ್ಯಾಡ್ರಿ,” ಅಂದಳು ಬೀರವ್ವ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡುತ್ತ. “ಬಿದ್ರೂ ಹೇಳೂದಿಲ್ಲ.”